ಕವುಚಿಟ್ಟ ಕೊಡಗಳು

ಸಂಕರ್ಷಣನಿಗೆ ಮನುಷ್ಯರನ್ನು ಸುಮ್ಮನೆ ನೋಡಲು ಬರುವುದಿಲ್ಲ. ಗಾಂಧಿ ಬಜಾರಿನಲ್ಲಿ ಹೂ ಕಟ್ಟುವವಳು ದಾರವನ್ನು ಜಗ್ಗಿ ಎಳೆದರೆ ಅವಳ ಬಾಲ್ಯ ಹೇಗಿದ್ದಿರಬೇಕೆಂದು ಊಹಿಸುತ್ತಾನೆ. ಹೋಟೆಲಿನಲ್ಲಿ ಎದುರು ಕೂತವನು ದೋಸೆಯನ್ನು ಅಂಚು ಬಿಟ್ಟು ನಡುವಿನಿಂದ ಮುರಿದರೆ, ಇವನಿಗೆ ತಾಳ್ಮೆ ಕಡಿಮೆ ಎಂದು ಮನಸ್ಸಿನಲ್ಲೇ ಷರಾ ಬರೆಯುತ್ತಾನೆ. ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪಾಠ ಹೇಳುವುದು ಅವನ ಹೊಟ್ಟೆಪಾಡು. ಕೊಲೆ ನಡೆದ ಜಾಗದಲ್ಲಿ ಉಳಿದ ಗುರುತುಗಳಿಂದ ಕೊಲೆಗಾರನ ಸ್ವಭಾವದ ಚಿತ್ರ ಬಿಡಿಸುವುದು, ಅಂದರೆ ಪ್ರೊಫೈಲಿಂಗ್, ಅವನ ಹುಚ್ಚು. ಅದಕ್ಕೆಂದೇ ಇಂಗ್ಲೆಂಡಿಗೆ ಹೋಗಿ ಒಂದು ಬೇಸಿಗೆ ಕೋರ್ಸನ್ನೂ ಮುಗಿಸಿಕೊಂಡು ಬಂದಿದ್ದ. ಆ ಸರ್ಟಿಫಿಕೇಟು ನಡುಮನೆಯಲ್ಲಿ ತೀರಿಕೊಂಡ ಅಪ್ಪನ ಫೋಟೋದ ಪಕ್ಕದಲ್ಲಿ, ಅಪ್ಪನಿಗಿಂತ ಕೊಂಚ ದೊಡ್ಡ ಚೌಕಟ್ಟಿನಲ್ಲಿ ತೂಗುತ್ತಿತ್ತು.

ಜಗತ್ತಿನ ಕೊಲೆಗಾರರೆಲ್ಲರ ಮನಸ್ಸಿನೊಳಗೆ ಇಳಿಯಬಲ್ಲ ಈ ಮಹಾನುಭಾವನಿಗೆ ತನ್ನ ಕನ್ನಡಕ ಎಲ್ಲಿದೆ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಅದನ್ನು ತಾಯಿ ಅಲಮೇಲು ಹುಡುಕಿಕೊಡಬೇಕಿತ್ತು. ಎಂಬತ್ತು ದಾಟಿದರೂ ಆಕೆಯ ಕಣ್ಣು, ಬಾಯಿ ಎರಡೂ ಚುರುಕಾಗಿದ್ದವು.

ಹುಚ್ಚಿನ ಮೂಲ ಬಸವನಗುಡಿಯ ಅದೇ ಅಡ್ಡರಸ್ತೆಯಲ್ಲಿತ್ತು. ಅವರ ಹಿತ್ತಲಿನ ಗೋಡೆಗೆ ಹೊಂದಿಕೊಂಡ ಮನೆಯಲ್ಲಿ ನಾರಾಯಣಮ್ಮ ಎಂಬ ಮಕ್ಕಳಿಲ್ಲದ ವಿಧವೆ ಒಬ್ಬರೇ ಇದ್ದರು. ಸಂಕರ್ಷಣ ಹೈಸ್ಕೂಲಿನಲ್ಲಿದ್ದಾಗ, ಬೇಸಿಗೆ ರಜೆಗೆಂದು ಮೈಸೂರಿನ ಅಜ್ಜಿಯ ಮನೆಗೆ ಹೋಗಿದ್ದ ಸಮಯದಲ್ಲಿ, ಒಂದು ಬೆಳಗಿನ ಜಾವ ಯಾರೋ ಆಕೆಯ ತಲೆಗೆ ಹೊಡೆದು ಕೊಂದು ಹೋದರು. ಮೈಮೇಲಿನ ಒಡವೆ ಮುಟ್ಟಿರಲಿಲ್ಲ. ಪತ್ರಿಕೆಗಳು ತಿಂಗಳುಗಟ್ಟಲೆ ಬರೆದವು, ಪೊಲೀಸರು ವರ್ಷಗಟ್ಟಲೆ ಅಲೆದರು, ಕೊಂದವನು ಸಿಗಲೇ ಇಲ್ಲ.

ಸಿಕ್ಕಿದ್ದು ಬದರೀನಾರಾಯಣ ಒಬ್ಬನೇ. ಬಡ ವಿದ್ಯಾರ್ಥಿಯಾಗಿ ಊರಿಗೆ ಬಂದಾಗ ನಾರಾಯಣಮ್ಮನ ಮನೆಯಲ್ಲಿ ವಾರಕ್ಕೊಂದು ದಿನ ಊಟ ಮಾಡಿ ಓದಿದವನು. ಬ್ಯಾಂಕಿನಲ್ಲಿ ಕೆಲಸ ಸಿಕ್ಕ ಮೇಲೆ ಅದೇ ರಸ್ತೆಯಲ್ಲಿ ಮನೆ ಮಾಡಿ, ದಿನಾ ಬೆಳಿಗ್ಗೆ ಆಕೆಗೆ ಹಾಲು ತಂದುಕೊಡುತ್ತಿದ್ದ. ಅವತ್ತು ಹೆಣ ನೋಡಿ ಕೂಗಿಕೊಂಡವನೂ ಅವನೇ. ಪೊಲೀಸರು ಅವನನ್ನು ಮತ್ತೆ ಮತ್ತೆ ಠಾಣೆಗೆ ಕರೆಸಿದರು, ಪ್ರತಿ ಸಲವೂ ಬಿಟ್ಟು ಕಳಿಸಿದರು. ಬಿಟ್ಟದ್ದನ್ನು ರಸ್ತೆ ಮರೆತುಬಿಟ್ಟಿತು, ಕರೆಸಿದ್ದನ್ನು ಮರೆಯಲಿಲ್ಲ. ಯಾರೂ ಹೆಣ್ಣು ಕೊಡಲಿಲ್ಲ. ಸತ್ಯನಾರಾಯಣ ಪೂಜೆಗೆ ಕರೆಯುವಾಗ ಎಲ್ಲರಿಗೂ ಅವನ ಮನೆ ಮರೆತುಹೋಗುತ್ತಿತ್ತು. ಹೀಗೇ ಅವನಿಗೆ ಎಪ್ಪತ್ತು ದಾಟಿತು.

ಇಷ್ಟು ವರ್ಷಗಳ ನಂತರ, ನಿವೃತ್ತ ಇನ್ಸ್‌ಪೆಕ್ಟರ್ ಕಾಳಪ್ಪನವರು ಸಂಕರ್ಷಣನಿಗೆ ಆ ಪ್ರಕರಣದ ಹಳೆಯ ಫೋಟೋಗಳನ್ನು ತೋರಿಸಿದರು. ಪತ್ರಿಕೆಯವರಿಗೂ ಹೇಳದೆ ಪೊಲೀಸರು ಮುಚ್ಚಿಟ್ಟಿದ್ದ ಸಂಗತಿ ಅವುಗಳಲ್ಲಿತ್ತು. ಅಡುಗೆಮನೆಯ ಕೊಡ, ಕೊಳಗ, ಚೊಂಬುಗಳ ನೀರನ್ನೆಲ್ಲ ಚೆಲ್ಲಿ ಸಾಲಾಗಿ ಕವುಚಿಡಲಾಗಿತ್ತು. ಹೆಣದ ತಲೆಯ ಹತ್ತಿರ ಹಣತೆ ಉರಿಯುತ್ತಿತ್ತು. ತುಟಿಯ ಮೇಲೆ ತುಳಸಿ ಎಲೆಯಿತ್ತು.

"ನಮಗೂ ಸಾವಿನ ಮನೆ ಶಾಸ್ತ್ರ ಗೊತ್ತಿಲ್ದೆ ಏನಿಲ್ಲ ಸಾರ್," ಎಂದಿದ್ದರು ಕಾಳಪ್ಪ. "ಕೊಂದವನೇ ಕೂತು ಎಲ್ಲ ಮಾಡಿ ಹೋಗಿದಾನೆ. ಆ ಬದರಿಗೆ ಕೇಳಿದ್ರೆ, ನಾನು ಹೋದಾಗ್ಲೇ ದೀಪ ಉರೀತಿತ್ತು ಅಂದ. ಯಾರು ನಂಬ್ತಾರೆ? ಆದ್ರೆ ಸಾಕ್ಷಿ ಇಲ್ವಲ್ಲ."

ಸಂಕರ್ಷಣನಿಗೆ ಅಂದು ಊಟ ಸೇರಲಿಲ್ಲ, ಅಷ್ಟು ಸಂತೋಷವಾಗಿತ್ತು. ಅವನು ಕಲಿತ ಶಾಸ್ತ್ರದಲ್ಲಿ ಇದಕ್ಕೊಂದು ಅಧ್ಯಾಯವೇ ಇತ್ತು. ಕೊಂದ ಮೇಲೆ ಪಶ್ಚಾತ್ತಾಪ ಹುಟ್ಟಿ, ಮಾಡಿದ್ದನ್ನು ಹೇಗಾದರೂ ತೊಳೆದುಕೊಳ್ಳಲು ಕೊಲೆಗಾರ ಬಿಟ್ಟುಹೋಗುವ ಗುರುತು. ಅವನ ಸಹಿ ಇದ್ದ ಹಾಗೆ. ಸಂಕರ್ಷಣ ಪ್ರೊಫೈಲ್ ಬರೆದ. ಕೊಂದವರು ಹತ್ತಿರದಲ್ಲೇ ವಾಸ. ಮಡಿ ಮೈಲಿಗೆಯಲ್ಲಿ ಕಟ್ಟುನಿಟ್ಟು. ಅತಿಯಾದ ಶುಚಿ. ಇನ್ನೊಬ್ಬರು ಮಾಡಿದ ಕೆಲಸ ಒಪ್ಪಿಗೆಯಾಗುವುದಿಲ್ಲ. ತಾವು ಮಾಡಿದ್ದೇ ಸರಿ ಎನ್ನುವ ಸ್ವಭಾವ.

ಭಾನುವಾರ ಸಂಜೆ ಬಡಾವಣೆಯ ಸಭಾಂಗಣದಲ್ಲಿ ಈ ಕೊಲೆಯ ಬಗ್ಗೆಯೇ ಅವನ ಉಪನ್ಯಾಸವಿತ್ತು. ಯಾರ ಹೆಸರನ್ನೂ ಹೇಳುವುದಿಲ್ಲ ಎಂದು ಅವನು ತೀರ್ಮಾನಿಸಿದ್ದ. ಹೇಳುವ ಅಗತ್ಯವೂ ಇರಲಿಲ್ಲ. ಆ ಮಾತುಗಳನ್ನು ಕೇಳಿಸಿಕೊಂಡು ಎದ್ದು ಹೋಗುವವರೆಲ್ಲ ಬದರೀನಾರಾಯಣನ ಹೆಸರನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಅದು ಸಂಕರ್ಷಣನಿಗೆ ಗೊತ್ತಿತ್ತು, ಗೊತ್ತಿದ್ದೇ ಒಳಗೊಳಗೆ ಚುಚ್ಚುತ್ತಿತ್ತು. ಅದಕ್ಕೇ ಕೊನೆಯದಾಗಿ ಒಮ್ಮೆ ಖಚಿತ ಮಾಡಿಕೊಳ್ಳೋಣವೆಂದು, ರಸ್ತೆಯ ಹಳೆಯ ಚಿತ್ರಗಳು ಬೇಕೆಂಬ ನೆಪ ಹೂಡಿ, ಭಾನುವಾರ ಬೆಳಿಗ್ಗೆ ಆ ಮನೆಯ ಬಾಗಿಲು ತಟ್ಟಿದ.

ಬದರೀನಾರಾಯಣ ಕಾಫಿ ಮಾಡಿಕೊಟ್ಟರು. ಸಂಕರ್ಷಣ ಕಣ್ಣಾಡಿಸಿದ. ಹಳೆಯ ಪೇಪರುಗಳು ಅಂಚಿಗೆ ಅಂಚು ಸೇರಿಸಿ ಜೋಡಿಸಿವೆ. ನೆಲದ ಮೇಲೆ ಒಂದು ಕೂದಲಿಲ್ಲ. ಕುಡಿದಾದ ಮೇಲೆ ಮುದುಕರು ಲೋಟಗಳನ್ನು ತೊಳೆದು ಕಟ್ಟೆಯ ಮೇಲೆ ಕವುಚಿದರು. ಸಂಕರ್ಷಣ ಕತ್ತು ಉದ್ದ ಮಾಡಿ ನೋಡಿದ.

"ಸರಿಯಾಗಿ ಕಾಣಿಸ್ತೇನಪ್ಪಾ?" ಎಂದರು ಬದರೀನಾರಾಯಣ, ತಿರುಗದೆಯೇ. "ಬೇಕಾದ್ರೆ ಇನ್ನೊಂದ್ಸಲ ಕವುಚ್ತೀನಿ."

"ಛೆ ಛೆ, ನಾನು ಸುಮ್ನೆ..."

"ಠಾಣೇಲೂ ಹೀಗೇ ನೋಡೋರು. ನೀರು ಕೊಟ್ಟು, ಲೋಟ ಹೇಗಿಡ್ತೀನಿ ಅಂತ ಕಾಯೋರು. ಪಾಪ, ಅವರ ಡ್ಯೂಟಿ." ಮುದುಕರು ಕೈ ಒರೆಸಿಕೊಂಡರು. "ಸಂಜೆ ನಾನೂ ಬರ್ತೀನಿ ನಿನ್ನ ಭಾಷಣಕ್ಕೆ. ಮುಂದಿನ ಸಾಲಲ್ಲೇ ಕೂತ್ಕೋತೀನಿ. ಜನ ಕತ್ತು ತಿರುಗ್ಸಿ ತಿರುಗ್ಸಿ ಹುಡುಕೋದು ಬೇಡ."

ಅಪರಾಧಿಗಳು ತಮ್ಮ ಪ್ರಕರಣದ ಸುತ್ತಲೇ ಸುಳಿಯುತ್ತಾರೆ ಎಂದು ಸಂಕರ್ಷಣನ ಪುಸ್ತಕಗಳಲ್ಲಿತ್ತು. ಅದಕ್ಕೂ ಒಂದು ಗುರುತು ಹಾಕಿಕೊಂಡು ಮನೆಗೆ ಬಂದ. ಹಾಕಿಕೊಂಡನೇನೋ ನಿಜ, ಆದರೆ ದಾರಿಯುದ್ದಕ್ಕೂ ಅವನಿಗೆ ಮುಖವೆತ್ತಿ ನಡೆಯಲಾಗಲಿಲ್ಲ.

ಮಧ್ಯಾಹ್ನ ನಡುಮನೆಯ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಭಾಷಣದ ತಾಲೀಮು ಶುರುಮಾಡಿದ. ಸಾಮಾನ್ಯವಾಗಿ ಇಂಥದ್ದನ್ನೆಲ್ಲ ತನ್ನ ಕೋಣೆಯಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಾಡುತ್ತಿದ್ದ. ಕೊಲೆಯ ಮಾತು ಅಮ್ಮನ ಬಿಪಿಗೆ ಒಳ್ಳೆಯದಲ್ಲ ಎಂಬುದು ಅವನ ನಿಲುವು. ಇವತ್ತು ದೊಡ್ಡ ಪರದೆಯ ಮೇಲೆ ಹೇಗೆ ಕಾಣುತ್ತದೆಂದು ನೋಡಬೇಕಿತ್ತು. ಅಲಮೇಲು ಮೂಲೆಯಲ್ಲಿ ಕಾಲು ಚಾಚಿ ಕೂತು ಹಿತುಕಿದ ಬೇಳೆಗೆ ಅವರೆಕಾಳು ಹಿಸುಕುತ್ತಿದ್ದರು.

"ಸಹೃದಯರೇ, ಈ ಚಿತ್ರವನ್ನು ಗಮನಿಸಿ," ಎಂದು ಸಂಕರ್ಷಣ ಖಾಲಿ ಸೋಫಾಕ್ಕೆ ಹೇಳಿದ.

"ಇದು ನಾರಾಯಣಮ್ಮನ ಅಡುಗೆಮನೆ ಅಲ್ವೇನೋ?"

"ಹೌದಮ್ಮ. ನೀನು ನೋಡ್ಬೇಡ, ಬಿಪಿ ಏರುತ್ತೆ."

"ಬಿಪಿಗೇನು ಬಂತು. ಆ ಮೂಲೇಲಿರೋ ಹಿತ್ತಾಳೆ ಕೊಳಗ ಕವುಚೋವಾಗ ಹಿಡ್ಕೊಂಡ ಸೊಂಟ, ಇವತ್ತಿಗೂ ಬಿಟ್ಟಿಲ್ಲ."

"ಇಲ್ಲಿ ಕೊಲೆಗಾರನ ಪಶ್ಚಾತ್ತಾಪ ಎದ್ದು ಕಾಣುತ್ತದೆ," ಎಂದು ಸಂಕರ್ಷಣ ಇನ್ನೂ ಒಂದು ವಾಕ್ಯ ಮುಂದುವರಿಸಿದ. ಆಮೇಲೆ ಅಮ್ಮನ ಕಡೆ ತಿರುಗಿದ. "ಯಾರು ಕವುಚಿದ್ದು?"

"ನಾನೇ. ಇನ್ಯಾರು ಕವುಚ್ತಾರೆ? ಜೀವ ಹೋದ ಮನೇಲಿ ತುಂಬಿಟ್ಟ ನೀರು ಇಟ್ಕೋತಾರಾ?"

ಅಲಮೇಲು ಕಾಳು ಹಿಸುಕುವುದನ್ನು ನಿಲ್ಲಿಸದೆಯೇ ಹೇಳಿದರು. ಬೆಳಗಿನ ಜಾವ ಹಿತ್ತಲಿನಲ್ಲಿ ನೀರು ಸೇದುತ್ತಿದ್ದಾಗ ನರಳುವ ಸದ್ದು ಕೇಳಿಸಿತ್ತು. ಗೋಡೆಯ ನಡುವಿನ ಚಿಕ್ಕ ಬಾಗಿಲಿನಿಂದ ಹೋಗಿ ನೋಡಿದರೆ ನಾರಾಯಣಮ್ಮ ರಕ್ತದಲ್ಲಿ ಬಿದ್ದಿದ್ದರು. ಬಾಯಿಗೆ ತುಳಸಿ ಹಾಕಿ, ಯಾರನ್ನಾದರೂ ಕೂಗುವಷ್ಟರಲ್ಲಿ ಇವರ ತೊಡೆಯ ಮೇಲೆಯೇ ಜೀವ ಹೋಯಿತು. ದೀಪ ಹಚ್ಚಿ, ನೀರು ಚೆಲ್ಲಿ, ಓಡಿಬಂದು ಅತ್ತೆಗೆ ಹೇಳಿದರೆ, ಹೆಣ ಮುಟ್ಟಿದೀಯ, ಮೊದಲು ತಲೆಗೆ ನೀರು ಹಾಕ್ಕೊಂಡು ಬಾ ಎಂದರಂತೆ. ಸ್ನಾನ ಮಾಡಿ ಹೊರಬರುವಷ್ಟರಲ್ಲಿ ಆ ಕಡೆ ಬದರೀನಾರಾಯಣನ ಕೂಗು ಕೇಳಿಸಿ ರಸ್ತೆಯೇ ಮನೆಯ ಹೊರಗೆ ಸೇರಿಬಿಟ್ಟಿತ್ತು.

"ಮತ್ತೆ ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಹೋದೆ. ಪೇದೆ ಬಂದು, ಯಜಮಾನರನ್ನ ಕರೀರಿ ಅಮ್ಮಾ ಅಂದ. ಕರ್ದೆ. ನಿಮ್ಮಪ್ಪ ಪೂಜೆಯಿಂದ ಎದ್ದು ಬಂದು, ನಮ್ಮ ಮನೇಲಿ ಯಾರಿಗೂ ಏನೂ ಗೊತ್ತಿಲ್ಲ ಅಂತ ಬರ್ಕೊಟ್ಟು ಸೈನ್ ಹಾಕಿದ್ರು. ಆಮೇಲೆ ಹೇಳಿದ್ರೆ, ಬರೆದದ್ದಾಯ್ತು, ಈಗ ತಿದ್ದಿದ್ರೆ ಸರ್ಕಾರಿ ನೌಕರ ಸುಳ್ಳು ಹೇಳ್ದ ಹಾಗಾಗುತ್ತೆ ಅಂದ್ರು."

ಸಂಕರ್ಷಣ ಅಪ್ಪನ ಫೋಟೋ ನೋಡಿದ. ಆ ಮನುಷ್ಯ ಕಚೇರಿಯಲ್ಲಿ ಕಡತ ಬರೆದೇ ಆಯುಷ್ಯ ಕಳೆದವರು. ಒಮ್ಮೆ ಸಹಿ ಹಾಕಿದ ಮೇಲೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೂ ಬರೆದದ್ದನ್ನು ತಿದ್ದುತ್ತಿರಲಿಲ್ಲ.

"ನಂಗಾದ್ರೂ ಹೇಳ್ಬಹುದಿತ್ತು."

"ನೀನ್ಯಾವತ್ತು ಕೇಳ್ದೆ? ಅಮ್ಮನಿಗೆ ಬಿಪಿ ಅಂತ ಕದ ಹಾಕ್ಕೊಂಡು ಕೂತ್ಕೋತೀಯ. ನೀರು ಚೆಲ್ಲಿದ್ದೂ ಒಂದು ಹೇಳೋ ವಿಷ್ಯಾನಾ?"

ಸಂಕರ್ಷಣ ಪರದೆಯ ಮೇಲಿನ ತನ್ನ ಪ್ರೊಫೈಲನ್ನು ಮತ್ತೊಮ್ಮೆ ಓದಿದ. ಹತ್ತಿರದಲ್ಲೇ ವಾಸ. ಮಡಿ ಮೈಲಿಗೆಯಲ್ಲಿ ಕಟ್ಟುನಿಟ್ಟು. ಅತಿಯಾದ ಶುಚಿ. ಇನ್ನೊಬ್ಬರು ಮಾಡಿದ ಕೆಲಸ ಒಪ್ಪಿಗೆಯಾಗುವುದಿಲ್ಲ. ತಾವು ಮಾಡಿದ್ದೇ ಸರಿ. ಒಂದಕ್ಷರ ತಪ್ಪಿರಲಿಲ್ಲ. ತನ್ನ ವಿದ್ಯೆಯ ನಿಖರತೆಗೆ ಹೆಮ್ಮೆಪಡುವುದೋ, ತಲೆ ಚಚ್ಚಿಕೊಳ್ಳುವುದೋ ತಿಳಿಯದೆ ಅವನು ಅಲ್ಲೇ ಕುಳಿತುಬಿಟ್ಟ. ಕೊಡಗಳನ್ನು ತೆಗೆದುಬಿಟ್ಟರೆ ಕೊಲೆಗಾರನ ಬಗ್ಗೆ ಅವನಿಗೆ ಉಳಿಯುತ್ತಿದ್ದದ್ದು ಇಷ್ಟೇ: ಯಾರೋ ಬಂದರು, ಹೊಡೆದರು, ಹೋದರು.

"ಅಮ್ಮ," ಎಂದ ಕೊನೆಗೆ. "ಕೊಡ ಕವುಚಿದವನೇ ಕೊಂದವನು ಅಂತ ಪೊಲೀಸರು ತಿಳ್ಕೊಂಡಿದ್ರು. ಬದರಿ ಅವರನ್ನ ಅಷ್ಟು ಸಲ ಕರೆಸಿದ್ದು ಅದಕ್ಕೇನೇ."

ಅಲಮೇಲು ಅವರ ಕೈ ನಿಂತಿತು. ಬೆರಳ ನಡುವಿನ ಕಾಳು ಜಾರಿ ನೆಲಕ್ಕೆ ಬಿತ್ತು, ಅದನ್ನೂ ಎತ್ತಿಕೊಳ್ಳಲಿಲ್ಲ.

"ಹಾಲು ತರ್ತಿದ್ದ, ಅದಕ್ಕೆ ಕರೀತಾರೆ ಅಂದ್ಕೊಂಡಿದ್ದೆ," ಎಂದರು. "ನಾನೂ ಅವನ ಎದುರು ಸೆರಗು ಹೊದ್ಕೊಂಡು ಬೇಗ ಬೇಗ ದಾಟ್ಕೊಂಡು ಹೋಗಿದೀನಲ್ಲೋ."

ಆಕೆಗೆ ಅಳು ಬಂದಿತ್ತು. ಅಳುವುದು ಅಭ್ಯಾಸವಿಲ್ಲದವರಾದ್ದರಿಂದ ಮೊರವನ್ನು ದಡಬಡನೆ ಪಕ್ಕಕ್ಕೆ ತಳ್ಳಿ, ಸೊಂಟ ಹಿಡಿದುಕೊಂಡು ಎದ್ದು, ಚಪ್ಪಲಿ ಎಲ್ಲಿ ಎಂದು ಮಗನನ್ನು ಗದರಿದರು.

ಬದರೀನಾರಾಯಣ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಭಾಷಣಕ್ಕೆ ಸಿದ್ಧರಾಗಿದ್ದರು. ಬಾಗಿಲಲ್ಲಿ ತಾಯಿ ಮಗ ಇಬ್ಬರನ್ನೂ ಕಂಡು, "ಏನಪ್ಪಾ, ಹಿಡ್ಕೊಂಡು ಹೋಗೋಕೆ ಅಮ್ಮನ್ನೂ ಕರ್ಕೊಂಡು ಬಂದ್ಯಾ," ಎಂದರು. ಇಬ್ಬರೂ ನಗದಿದ್ದುದನ್ನು ನೋಡಿ ಒಳಗೆ ಕರೆದು ಕುರ್ಚಿ ಹಾಕಿದರು.

ಅಲಮೇಲು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು. ನರಳಾಟ, ಹಿತ್ತಲಿನ ಬಾಗಿಲು, ತುಳಸಿ, ದೀಪ, ಕೊಡಗಳು, ಯಜಮಾನರ ಸಹಿ, ಯಾವುದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, "ನಂದು ತಪ್ಪಾಯ್ತು ಅಂದ್ರೆ ಸಾಲಲ್ಲ, ಗೊತ್ತು," ಎಂದರು.

ಸಂಕರ್ಷಣ ಒಂದು ಹೆಜ್ಜೆ ಮುಂದೆ ಬಂದ. "ಸಂಜೆ ಸಭೇಲಿ ಇದನ್ನೇ ಹೇಳ್ತೀನಿ ಸಾರ್. ನಾನು ಬರ್ದಿದ್ದು ತಪ್ಪು, ಪೊಲೀಸರು ತಿಳ್ಕೊಂಡಿದ್ದೂ ತಪ್ಪು ಅಂತ. ನಾಳೆ ಅಮ್ಮನ ಹೇಳಿಕೆ ಠಾಣೆಗೂ ಕೊಡ್ತೀವಿ. ನಿಮ್ಮ ಹೆಸರು..."

ಬದರೀನಾರಾಯಣ ಕೈಯೆತ್ತಿ ಅವನನ್ನು ತಡೆದರು. ಅವರ ಕಣ್ಣು ಅಲಮೇಲುವಿನ ಮೇಲೆಯೇ ಇತ್ತು. ಮಾತಿನ ತುಂಟತನವೆಲ್ಲ ಎಲ್ಲಿಗೋ ಹೋಗಿ, ಮುಖ ವಾರದೂಟಕ್ಕೆ ಬಂದ ಹುಡುಗನದಾಗಿತ್ತು.

"ನಾನು ಹೋದಾಗ ಬಾಯಿ ಒಣಗಿರೋ ಹಾಗೆ ಕಾಣಿಸ್ತು," ಎಂದರು. "ಊರಿಗೆಲ್ಲ ಬಡಿಸಿದ ಜೀವ, ಕೊನೇಲಿ ಒಂದು ತೊಟ್ಟು ನೀರು ಇಲ್ದೆ ಹೋಯ್ತಲ್ಲ ಅಂತ ನಾನು ಇಷ್ಟು ವರ್ಷ... ಅಲಮೇಲಮ್ಮ, ಆ ತುಳಸಿ ಹಾಕೋವಾಗ ಇನ್ನೂ ಜೀವ ಇತ್ತಾ?"

"ಇತ್ತು."

"ನೀರು ಒಳಗೆ ಹೋಯ್ತಾ?"

"ಹೋಯ್ತು ಕಣಪ್ಪ. ಒಂದು ಗುಟುಕು ಕುಡಿದು, ಇನ್ನೊಂದು ಅಂತ ಬಾಯಿ ತೆರೆದ್ರು. ಅದನ್ನೂ ಕುಡಿದ್ರು. ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ರು."

ಬದರೀನಾರಾಯಣ ಇಸ್ತ್ರಿ ಪಂಚೆಯಲ್ಲೇ ನೆಲದ ಮೇಲೆ ಕುಳಿತು, ಮುಖ ಮುಚ್ಚಿಕೊಂಡು, ಬಿಕ್ಕಿ ಬಿಕ್ಕಿ ಅತ್ತರು. ಅಲಮೇಲು ಸೊಂಟನೋವನ್ನೂ ಮರೆತು ಅವರ ಪಕ್ಕದಲ್ಲೇ ಕೂತರು. ಸಭಾಂಗಣದಿಂದ ಸಂಕರ್ಷಣನಿಗೆ ಫೋನು ಬಂತು, ಮತ್ತೆ ಬಂತು. ಹೊತ್ತಾಯಿತು ಎಂದು ಅವನು ಹೇಳಲಿಲ್ಲ.