ಅರಗು ಮೆತ್ತಿಸಿಕೊಂಡ ಶಟರು

“ಒಳಗ ಯಾರೂ ಇಲ್ಲ, ಹೌದಲ್ಲೋ?” ಎಂದು ಅಬಕಾರಿ ಸಾಹೇಬರು ಕೇಳಿದರು.

“ಯಾರಿರ್ತಾರ್ರೀ? ಧಣಿ ನಿನ್ನೇನ ಊರಿಗಿ ಹೋಗ್ಯಾರ,” ಎಂದ ಬಾರಿನ ಆಳು ಹುಚ್ಚೇಶ.

ಸಾಕ್ಷಿಗೆಂದು ಪಂಚರ ಜೊತೆ ಕರೆಸಿದ್ದ ಸಾವಂತ್ರೆವ್ವ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ಬೀಗಕ್ಕೆ ಬಟ್ಟೆ ಸುತ್ತಿದರು, ಕೆಂಪು ಅರಗು ಕಾಸಿ ಸುರಿದರು, ಮುದ್ರೆ ಒತ್ತಿದರು. ಬಿಸಿ ಅರಗು ನನ್ನ ಮೈಮೇಲೂ ಹನಿಯಿತು. ಉರಿಯಿತೆನ್ನಿ, ಆದರೂ ಅಷ್ಟು ಸುಖದ ಉರಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಏಕೆಂದರೆ ಧಣಿ ಅಡಿವೆಪ್ಪ ಯಾವ ಊರಿಗೂ ಹೋಗಿರಲಿಲ್ಲ. ನನ್ನ ಹಿಂದೆಯೇ ಉಸಿರು ಬಿಗಿಹಿಡಿದು ಕೂತಿದ್ದ.

ನಾನೊಂದು ಶಟರು. ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ತಗಡಿನ ಪಟ್ಟಿಗಳನ್ನು ಒಂದಕ್ಕೊಂದು ಸಿಕ್ಕಿಸಿ ನನ್ನನ್ನು ಮಾಡಿದರು. ಲಾರಿ ಹತ್ತಿ ಗಜೇಂದ್ರಗಡಕ್ಕೆ ಬಂದೆ. ಸಾವಂತ್ರೆವ್ವನ ಗಂಡ ಈರಬಸಪ್ಪನ ಹಿಟ್ಟಿನ ಗಿರಣಿಗೆ ಬಾಗಿಲಾದೆ. ದೇವರಂಥ ಮನುಷ್ಯ. ಗಿರಣಿಗೆ ಎಣ್ಣೆ ಬಿಡುವಾಗ ನನಗೂ ಒಂದಿಷ್ಟು ಬಿಡುತ್ತಿದ್ದ.

ಅವನು ತೀರಿಕೊಂಡ ಮೇಲೆ ಅಡಿವೆಪ್ಪ ಬಂದ. “ಒಂದ ವರ್ಷ ಬಾಡಿಗಿಗಿ ಕೊಡಕ್ಕ, ಕಿರಾಣಿ ಅಂಗಡಿ ಹಾಕ್ತೀನಿ,” ಎಂದ. ಹಾಕಿದ್ದು ಬಾರು. ಬೀಸುವ ಕಲ್ಲುಗಳನ್ನು ಹಿಂದಿನ ಸಂದಿಗೆ ಎಸೆದ. ವರ್ಷ ಮುಗಿದು ಅವಳು ಮಳಿಗೆ ಕೇಳಿದರೆ, “ಎಬ್ಬಿಸು ನೋಡೋಣ,” ಎಂದು ನಕ್ಕ. ನನಗೋ ಎಣ್ಣೆಯಿಲ್ಲ, ದಿನಾ ಬೂಟುಗಾಲಿನ ಒದೆ, ಮೇಲೆ ಗುಟ್ಕಾದ ಉಗುಳು. ಅವಳಿಗೆ ಅವಳ ಗಿರಣಿ ಬೇಕಿತ್ತು. ನನಗೆ ಅವನು ಬೇಕಾಗಿದ್ದ.

ಅಷ್ಟರಲ್ಲಿ ಇಲೆಕ್ಷನ್ ಬಂತು. ಮತದಾನ ಮುಗಿಯುವತನಕ ಎರಡು ದಿನ ಬಾರುಗಳಿಗೆಲ್ಲ ಮುದ್ರೆ, ಹನಿ ಹೆಂಡವನ್ನೂ ಮಾರುವಂತಿಲ್ಲವೆಂದು ಕಾನೂನು. ಅಡಿವೆಪ್ಪನೋ ಹಿಂದಿನ ಕಿಟಕಿಯಿಂದ ಬಾಟಲಿ ದಾಟಿಸುವುದಾಗಿ ಒಂದು ಪಾರ್ಟಿಯವರಿಗೆ ಮಾತು ಕೊಟ್ಟಿದ್ದ. ಅದಕ್ಕೇ ಬುತ್ತಿ, ಹಾಸಿಗೆ, ನೀರಿನ ಕೊಡ ಹಿಡಿದು ಒಳಗೆ ಹೊಕ್ಕು, ಹೊರಗಿನಿಂದ ಬೀಗ ಹಾಕಿಸಿಕೊಂಡ. ಹೊಕ್ಕದ್ದನ್ನು ಸಾವಂತ್ರೆವ್ವ ಕಟ್ಟೆಯ ಮೇಲೆ ಕೂತು ನೋಡಿದ್ದಳು.

ಸಾಹೇಬರ ಜೀಪು ಹೋದದ್ದೇ ತಡ, ಅವಳೂ ಅವಳ ತಂಗಿಯೂ ಬೀಸುವ ಕಲ್ಲುಗಳನ್ನು ತಳ್ಳುಬಂಡಿಗೆ ಹೇರಿ ಕಿಟಕಿಗೆ ಒತ್ತಿ ನಿಲ್ಲಿಸಿದರು. ಗಾಲಿಗೆ ಕಲ್ಲು ಕೊಟ್ಟರು. ಕಿಟಕಿಯ ಕದಗಳು ಹೊರಕ್ಕೆ ತೆರೆಯುವಂಥವು. ಹುಚ್ಚೇಶ ಓಡಿ ಬಂದ.

“ಸರಸು ನೋಡೋಣ,” ಎಂದಳು ಸಾವಂತ್ರೆವ್ವ. “ಈಗ ಜೀಪ್ ಹೊಳ್ಳಿ ಕರಸ್ತೀನಿ.”

ಅವನು ಬಂದ ದಾರಿಯಲ್ಲೇ ಮಾಯವಾದ.

ಮರುದಿನದ ಬಿಸಿಲನ್ನೆಲ್ಲ ನಾನು ಕುಡಿದು ಒಳಗೆ ಉಗುಳಿದೆ. ಅಡಿವೆಪ್ಪ ನನ್ನ ಸಂದಿಗೆ ಬಾಯಿ ಹಚ್ಚಿದ.

“ಸಾವಂತ್ರಕ್ಕ, ಬಂಡಿ ಸರಸವ್ವ. ಸೆಕಿ ತಡಕೊಳ್ಳಾಕ ಆಗವಲ್ದು.”

“ಯಾರದು? ಧಣಿ ಊರಿಗಿ ಹೋಗ್ಯಾರಲ್ಲ!”

“ಮಳಿಗಿ ಬಿಡ್ತೀನಿ. ನಿನ್ನ ಕಾಲಿಗಿ ಬೀಳ್ತೀನಿ.”

“ಸಾಹೇಬ್ರು ಬರ್ತಾರ, ಮೊದಲ ಅವರ ಕಾಲಿಗಿ ಬೀಳು.”

ಕೂಗಿದರೆ ಸಿಕ್ಕಿಬೀಳುತ್ತಾನೆ, ಸುಮ್ಮನಿದ್ದರೆ ಬೇಯುತ್ತಾನೆ. ಬೆಂದ. ಮತದಾನ ಮುಗಿದ ಮೇಲೆ ಸಾಹೇಬರು ಪಂಚರ ಮುಂದೆ ಮುದ್ರೆ ಒಡೆದು ನನ್ನನ್ನು ಎತ್ತಿಸಿದರು. ನಾನು ಬೇಕಂತಲೇ ಕಿರ್ರನೆ ಅರಚಿದೆ. ಬೆರಳಿಗೆ ಶಾಯಿ ಹಚ್ಚಿಸಿಕೊಂಡ ಓಣಿಯ ಜನವೆಲ್ಲ ತಿರುಗಿ ನೋಡಿತು. ಕಿಟಕಿಯ ಬುಡದಲ್ಲಿ ಬಾಟಲಿಗಳ ಸಾಲು, ಅದರ ನಡುವೆ ಬನಿಯನ್ನಿನಲ್ಲಿ ಅಡಿವೆಪ್ಪ. ಲೈಸೆನ್ಸ್ ಹೋಯಿತು, ಹಿಂದೆಯೇ ಮಳಿಗೆಯೂ ಕೈಬಿಟ್ಟಿತು.

ಈಗ ಅಲ್ಲಿ ಮತ್ತೆ ಗಿರಣಿ. ಬಾಗಿಲಿಗೆ ಹೊಸ ಶಟರು ಬಂದಿದೆ. ನನ್ನ ಅರ್ಧ ಮೈ ಗುಜರಿಗೆ ಹೋಯಿತು. ಉಳಿದರ್ಧ, ಗಿರಾಕಿಗಳು ಕಾಯುವ ಕಟ್ಟೆಯ ಹಿಂದೆ ಬಿಸಿಲಿಗೆ ಮರೆಯಾಗಿ ನಿಂತಿದೆ. ವಯಸ್ಸಾದರೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನದು ತುಕ್ಕು ಹಿಡಿದು ಇನ್ನೂ ಚೂಪಾಗಿದೆ.

ಮೊನ್ನೆ ಅಡಿವೆಪ್ಪ ಜೋಳದ ಚೀಲ ಹೊತ್ತು ಬಂದ.

“ಅಕ್ಕಾ, ಇಷ್ಟು ಬೀಸಿ ಕೊಡವ್ವ.”

“ಸರತಿ ಐತಿ. ಕುಂದ್ರು.”

ಕಟ್ಟೆಯ ಮೇಲೆ ಕೂತು ಬೆನ್ನನ್ನು ನನಗೆ ಆನಿಸಿದ. ಅವನ ಪಾಳಿ ಬಂದು ಎದ್ದಾಗ, ಅಂಗಿ ಕಾಲರಿನಿಂದ ಸೊಂಟದತನಕ ಪರ್ರನೆ ಹರಿಯಿತು.