ಮೂವತ್ತೊಂದನೇ ನಂಬರಿನ ಅಂಗಡಿ

ಪೇಟೆಯ ಉದ್ಧಾರದ ಕೆಲಸ ನಿಂತು ಎರಡು ವರ್ಷವಾಗಿತ್ತು. ಹಳೆಯ ಮಾರುಕಟ್ಟೆಯನ್ನು ಕೆಡವಿದ ಜಾಗದಲ್ಲಿ ಎರಡಂತಸ್ತಿನ ಹೊಸ ಕಟ್ಟಡವೇನೋ ಎದ್ದಿತ್ತು. ಆದರೆ ಬಣ್ಣ ಮುಂಭಾಗದ ಗೋಡೆ ದಾಟಿ ಹಿಂದಕ್ಕೆ ಹೋಗಿರಲಿಲ್ಲ. ಮೆಟ್ಟಿಲಿಗೆ ಕಂಬಿ ಇರಲಿಲ್ಲ, ನಲ್ಲಿಗಳಲ್ಲಿ ನೀರಿರಲಿಲ್ಲ, ಮೇಲಿನ ಅಂಗಡಿಗಳಿಗೆ ವೈರು ಎಳೆದಿರಲಿಲ್ಲ. ಲಿಫ್ಟಿಗೆಂದು ಬಿಟ್ಟ ಗುಂಡಿಯಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಅಷ್ಟು ದೊಡ್ಡ ಕಟ್ಟಡದಲ್ಲಿ ನೆಮ್ಮದಿಯಾಗಿ ನೆಲೆ ನಿಂತವು ಅವು ಮಾತ್ರ.

ಅಂಗಡಿಯವರೆಲ್ಲ ರಸ್ತೆಯ ಆಚೆ ಬದಿಯ ತಗಡಿನ ಶೆಡ್ಡುಗಳಲ್ಲಿದ್ದರು. ಒಟ್ಟು ನಲವತ್ತು ಶೆಡ್ಡು. ಆರೇ ತಿಂಗಳು ಸುಧಾರಿಸಿಕೊಳ್ಳಿ ಎಂದು ಪುರಸಭೆಯವರು ಮೂಗಿಗೆ ತುಪ್ಪ ಸವರಿ ಕಳಿಸಿದ್ದರು. ಆರು ತಿಂಗಳು ನಾಲ್ಕು ವರ್ಷವಾಯಿತು. ಬಿಸಿಲಿಗೆ ತಗಡು ಕಾದು, ಮಧ್ಯಾಹ್ನದ ಹೊತ್ತು ಹೊಲಿಗೆ ಮಿಷನ್ನಿನ ಮೇಲೆ ಕೈ ಇಡುವ ಹಾಗಿರಲಿಲ್ಲ.

ಆ ಮಿಷನ್ನಿನವಳು ಟೇಲರಕ್ಕ. ಹಳೆಯ ಜಾಗ ಬಿಟ್ಟುಕೊಡುತ್ತೇವೆಂಬ ಕಾಗದಕ್ಕೆ ಮೊದಲು ಸಹಿ ಹಾಕಿದವಳು ಅವಳೇ. ಉಳಿದವರು ಮೀನಮೇಷ ಎಣಿಸುತ್ತಿದ್ದಾಗ ಅವಳು ಒಬ್ಬೊಬ್ಬರ ಅಂಗಡಿಗೂ ಹೋಗಿ, ಸೋರುವ ಸೂರಿನ ಕೆಳಗೆ ಎಷ್ಟು ದಿನ ಕೂರುತ್ತೀರಿ ಎಂದು ಕೇಳಿ ಒಪ್ಪಿಸಿದ್ದಳು. ಅವಳ ಮಾತೆಂದರೆ ಆ ಸಾಲಿಗೆ ಅಷ್ಟು ಬೆಲೆ. ಬೇರೆಯವರ ಜಗಳ ಬಿಡಿಸುವುದು, ಪುರಸಭೆಗೆ ಅರ್ಜಿ ಬರೆಸುವುದು, ಯಾರಿಗೆ ಹುಷಾರಿಲ್ಲದಿದ್ದರೂ ಅವರ ಅಂಗಡಿಯ ಮೇಲೆ ಒಂದು ಕಣ್ಣಿಡುವುದು, ಎಲ್ಲಕ್ಕೂ ಅವಳೇ. ಗಂಡ ಬಸ್ಸು ಓಡಿಸುತ್ತ ಊರೂರು ಸುತ್ತುವವನು. ಮನೆಯ ಯಜಮಾನಿಕೆಯೂ ಅವಳದೇ ಆಗಿತ್ತು.

ಅವಳ ಮಾತು ನಂಬಿ ಜಾಗ ಬಿಟ್ಟವರಲ್ಲಿ ಅವಳ ಮಾವನೂ ಒಬ್ಬರು. ಅವರದು ಕೊಡೆ ರಿಪೇರಿ. ಹಳೆಯ ಮಾರುಕಟ್ಟೆಯ ಹೆಬ್ಬಾಗಿಲ ಪಕ್ಕದಲ್ಲೇ ಮೂವತ್ತು ವರ್ಷ ಕೂತಿದ್ದರು. ಒಳಗೆ ಹೋಗುವವರೆಲ್ಲ ಅವರನ್ನು ದಾಟಿಕೊಂಡೇ ಹೋಗಬೇಕಿತ್ತು. ಹೊಸ ಕಟ್ಟಡಕ್ಕೆ ಚೀಟಿ ಎತ್ತಿದಾಗ ಟೇಲರಕ್ಕನಿಗೆ ಕೆಳಗಡೆ ಮೂರನೇ ನಂಬರ್ ಬಂತು, ಅವರಿಗೆ ಮೇಲ್ಮಹಡಿಯ ಮೂವತ್ತೊಂದು. ಎಲ್ಲರೂ ಅಯ್ಯೋ ಪಾಪ ಎಂದರೆ ಅವರು ನಕ್ಕು, ಕೊಡೆಯವನು ಆಕಾಶಕ್ಕೆ ಹತ್ತಿರ ಇದ್ದರೇ ಸರಿ ಎಂದಿದ್ದರು. ಲಿಫ್ಟು ಬರುತ್ತದಲ್ಲ ಎಂಬ ಧೈರ್ಯ. ಅವರ ಎರಡು ಮಂಡಿಗಳೂ ಆಗಲೇ ಮುಷ್ಕರ ಹೂಡಿದ್ದವು.

ಒಂದು ದಿನ ಪುರಸಭೆಯ ಇಂಜಿನಿಯರು ತಾವೇ ಶೆಡ್ಡಿಗೆ ಬಂದರು. ಕರೆದರೂ ಬಾರದ ಮನುಷ್ಯ ಕರೆಯದೆ ಬಂದನೆಂದರೆ ಏನೋ ಇದೆ ಎಂದು ಎಲ್ಲರ ಕಿವಿಯೂ ನೆಟ್ಟಗಾಯಿತು. ಸುದ್ದಿ ಕೆಟ್ಟದ್ದೇ ಆಗಿತ್ತು. ಕಟ್ಟಡ ಬಳಕೆಗೆ ಬಾರದೆ ಬಿದ್ದಿದೆ ಎಂದು ಮೇಲಿನವರು ಅನುದಾನ ವಾಪಸ್ ಪಡೆಯಲು ಹೊರಟಿದ್ದಾರೆ, ಮಂಗಳವಾರ ತಪಾಸಣೆಗೆ ಒಬ್ಬ ಅಧಿಕಾರಿ ಬರುತ್ತಾರೆ ಎಂದರು. ಅವತ್ತು ಒಂದೇ ಒಂದು ದಿನ ಎಲ್ಲರೂ ಹೊಸ ಕಟ್ಟಡದಲ್ಲಿ ಅಂಗಡಿ ತೆರೆದು, ನಾಲ್ಕು ಜನ ಓಡಾಡುತ್ತಿರುವುದು ಕಂಡರೆ ಉಳಿದ ಕಂತು ಬಿಡುಗಡೆಯಾಗುತ್ತದೆ. ಕಂಬಿ, ನೀರು, ಲಿಫ್ಟು, ಎಲ್ಲ ಮೂರು ತಿಂಗಳ ಕೆಲಸ ಎಂದು ಆಣೆ ಇಡುವುದೊಂದು ಬಾಕಿ.

ಅಡ್ಡ ಮಾತಾಡಿದವನು ಟೇಲರಕ್ಕನ ಮೈದುನ, ಬೀಗದ ಕೈ ಮಾಡುವವನು. ಅವನಿಗೆ ಯಾವುದರ ಮೇಲೂ ನಂಬಿಕೆಯಿಲ್ಲ. ತಾನು ಹಾಕಿದ ಬೀಗವನ್ನೇ ಮೂರು ಸಲ ಜಗ್ಗಿ ನೋಡುತ್ತಿದ್ದ.

"ಅಲ್ಲ ಅತ್ತಿಗೆ, ಹೊಟ್ಟೆ ತುಂಬಿದೆ ಅಂತ ತೇಗಿ ತೋರಿಸಿ, ಆಮೇಲೆ ಊಟ ಕೇಳಿದ್ರೆ ಯಾರು ಹಾಕ್ತಾರೆ?" ಎಂದ.

ಎಲ್ಲರೂ ನಕ್ಕರು. ಟೇಲರಕ್ಕ ಮಾತ್ರ ಗದರಿಕೊಂಡಳು. ಶುಭಕಾರ್ಯಕ್ಕೆ ಹೊರಟಾಗಲೆಲ್ಲ ಸೀನುವುದು ಅವನ ಹುಟ್ಟುಗುಣ ಎಂದಳು. ಅವಳು ಹೂಂ ಎಂದ ಮೇಲೆ ಉಳಿದವರೂ ಹೂಂ ಎಂದರು, ಗೊಣಗುತ್ತಲೇ ಮೈದುನನೂ ಬಂದ.

ಮಂಗಳವಾರ ಬೆಳಿಗ್ಗೆ ಮದುವೆ ಮನೆಯ ಗಡಿಬಿಡಿ. ಕೊಡಗಳಲ್ಲಿ ನೀರು ಹೊತ್ತು ತಂದು ತೊಟ್ಟಿ ತುಂಬಿಸಿದರು. ಮೇಲಿನ ಅಂಗಡಿಗಳಿಗೆ ಬ್ಯಾಟರಿ ದೀಪ ಸಿಕ್ಕಿಸಿದರು. ಅಕ್ಕ, ತಂಗಿ, ಷಡ್ಡಕ, ನಾದಿನಿ ಎಂದು ಯಾರು ಯಾರು ಸಿಕ್ಕರೋ ಅವರೆಲ್ಲ ಕೈಯಲ್ಲಿ ಚೀಲ ಹಿಡಿದು ಗಿರಾಕಿಗಳಾದರು. ಮೈದುನನೂ ಇಸ್ತ್ರಿಯವನೂ ಸೇರಿ ಮಾವನನ್ನು ಕುರ್ಚಿ ಸಮೇತ ಎತ್ತಿ ಮೇಲೆ ಕೂರಿಸಿದರು. ಅವರು ತಲೆ ಬಾಚಿ, ಒಗೆದ ಅಂಗಿ ತೊಟ್ಟಿದ್ದರು. ಬಣ್ಣಬಣ್ಣದ ಕೊಡೆಗಳನ್ನು ಬಾಗಿಲಿಗೆ ನೇತುಹಾಕಿಕೊಂಡು, ಸುಳ್ಳು ಗಿರಾಕಿಗಳಿಗೂ ನಿಜವಾದ ರೇಟೇ ಹೇಳಿದರಂತೆ.

ಟೇಲರಕ್ಕ ಮೂರನೇ ನಂಬರಿನ ಶಟರ್ ಎತ್ತಿದಳು. ಕತ್ತರಿಸುವ ಮೇಜಿನ ಮೇಲೆ ಕಿಟಕಿಯ ಬೆಳಕು ನೇರವಾಗಿ ಬೀಳುತ್ತಿತ್ತು. ನಾಲ್ಕು ವರ್ಷ ತಗಡಿನ ಕತ್ತಲಲ್ಲಿ ಕಣ್ಣು ಕಿರಿದು ಮಾಡಿ ಸೂಜಿ ಪೋಣಿಸಿದವಳಿಗೆ, ಆ ದಿನ ದಾರ ಒಂದೇ ಸಲಕ್ಕೆ ಹೋಯಿತು. ಅವಳಿಗೆ ಅಳುವಷ್ಟು ಸಂತೋಷವಾಯಿತು. ಇದು ಒಂದು ದಿನದ ಆಟ ಎಂಬುದನ್ನೇ ಅವಳು ಮರೆತಳು.

ಅಧಿಕಾರಿ ಹನ್ನೊಂದು ಗಂಟೆಗೆ ಬಂದರು. ತೆಳ್ಳಗಿನ, ವಯಸ್ಸಾದ, ಮೆತ್ತಗೆ ಮಾತಾಡುವ ಮನುಷ್ಯ. ಅವರ ಕೋಟಿನ ನಡುವಿನ ಗುಂಡಿ ಒಂದೆಳೆ ದಾರದಲ್ಲಿ ಜೋಲಾಡುತ್ತಿತ್ತು. ಜೋಲುವ ಗುಂಡಿ ಕಂಡರೆ ಟೇಲರಕ್ಕನ ಕೈ ಸುಮ್ಮನಿರುವುದಿಲ್ಲ. ಕೂತ್ಕೊಳ್ಳಿ ಸಾರ್, ಎರಡು ನಿಮಿಷ ಎಂದು ಕೋಟು ಇಸಿದುಕೊಂಡು ಹೊಲಿಯತೊಡಗಿದಳು. ಅವರು ಸ್ಟೂಲಿನ ಮೇಲೆ ಕೂತು, ಮಂಡಿ ನೀವಿಕೊಳ್ಳುತ್ತ ಅಂಗಡಿಯನ್ನೆಲ್ಲ ನೋಡಿದರು. ಜೊತೆಗೆ ಬಂದಿದ್ದ ಇಂಜಿನಿಯರು ಯಾರದೋ ಫೋನ್ ಎಂದು ಬಾಗಿಲಿಂದ ಆಚೆ ಸರಿದರು.

"ಇಲ್ಲಿಗೆ ಬಂದ ಮೇಲೆ ಏನಾದ್ರೂ ಕೊರತೆ ಇದೆಯೇನಮ್ಮ? ಇದ್ರೆ ಹೇಳಿ, ಬರ್ಕೋತೀನಿ."

ಕೇಳಿದ್ದು ಅಧಿಕಾರದಿಂದಲ್ಲ, ಅಕ್ಕರೆಯಿಂದ. ಕಂಬಿ, ನೀರು, ಲಿಫ್ಟು, ಮೂರೂ ಅವಳ ನಾಲಿಗೆಯ ತುದಿಗೆ ಬಂದವು. ಆದರೆ ಶೆಡ್ಡಿನಲ್ಲಿ ನಾಲ್ಕು ವರ್ಷ ಬಂದ ಬಂದ ಗಿರಾಕಿಗೆಲ್ಲ ಸೆಕೆಗೆ, ಧೂಳಿಗೆ, ಕರೆಂಟು ಹೋದದ್ದಕ್ಕೆ ಬೇಜಾರು ಮಾಡ್ಕೋಬೇಡಿ ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿ ಹೋಗಿತ್ತು. ಈಗ ತನ್ನ ಅಂಗಡಿಯಲ್ಲಿ, ಒಳ್ಳೆಯ ಬೆಳಕಿನಲ್ಲಿ, ದೊಡ್ಡ ಮನುಷ್ಯರೊಬ್ಬರು ಕೂತಿದ್ದಾರೆ. ಅವರ ಮುಂದೆ ಮತ್ತೆ ಇಲ್ಲ ಇಲ್ಲ ಎಂದು ಹಾಡಲು ಅವಳಿಗೆ ಬಾಯಿ ಬರಲಿಲ್ಲ.

"ಏನೂ ಕೊರತೆ ಇಲ್ಲ ಸಾರ್. ಎಲ್ಲ ಅನುಕೂಲ ಇದೆ," ಎಂದಳು.

ಅವರು ಮೆಟ್ಟಿಲ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಮೇಲಿಂದ ಜನರ ಮಾತು, ನಗು ಕೇಳುತ್ತಿತ್ತು. "ಮೇಲೂ ಹೀಗೇ ತಾನೆ?"

"ಹೂಂ ಸಾರ್, ಮೇಲೂ ಹೀಗೇ."

ಅವರು ಹತ್ತಲಿಲ್ಲ. ಗುಂಡಿ ಮುಟ್ಟಿ ನೋಡಿ, ಗಟ್ಟಿಯಾಗಿದೆ ಎಂದು ಮೆಚ್ಚಿ, ಕೋಟು ತೊಟ್ಟುಕೊಂಡು ಹೊರಟರು. ಇಂಜಿನಿಯರು ಹಿಂದಿರುಗಿ ನೋಡಿ ಹೆಬ್ಬೆರಳು ಎತ್ತಿ ತೋರಿಸಿದರು. ಸಂಜೆ ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಶೆಡ್ಡಿಗೆ ವಾಪಸ್ ಬಂದರು.

ಎರಡು ವಾರದ ಮೇಲೆ ಆದೇಶ ಬಂತು. ಪುರಸಭೆಯ ಗೋಡೆಗೆ ಅಂಟಿಸಿದ್ದರ ಪ್ರತಿಯನ್ನು ಮೈದುನ ತಂದು, ಶೆಡ್ಡುಗಳ ನಡುವೆ ನಿಂತು ಓದಿದ. ಕಟ್ಟಡ ಪೂರ್ಣವಾಗಿ ಬಳಕೆಯಲ್ಲಿದೆ. ಬಳಕೆದಾರರನ್ನು ಖುದ್ದಾಗಿ ವಿಚಾರಿಸಲಾಗಿ, ಯಾವುದೇ ಕೊರತೆ ಇಲ್ಲವೆಂದು ತಿಳಿಸಿರುತ್ತಾರೆ. ಆದ್ದರಿಂದ ಕಾಮಗಾರಿ ಮುಗಿದಿದೆಯೆಂದು ಪರಿಗಣಿಸಿ, ಉಳಿದ ಅನುದಾನವನ್ನು ಅಗತ್ಯವಿರುವ ಬೇರೆ ಊರಿಗೆ ಕೊಡತಕ್ಕದ್ದು. ಕಾಮಗಾರಿ ಮುಗಿದ ಕಾರಣ ತಾತ್ಕಾಲಿಕ ಶೆಡ್ಡುಗಳನ್ನು ಹದಿನೈದು ದಿನದಲ್ಲಿ ತೆರವು ಮಾಡತಕ್ಕದ್ದು. ಮೂರು ತಿಂಗಳು ಬಾಗಿಲು ತೆರೆಯದ ಮಳಿಗೆಯ ಹಂಚಿಕೆ ರದ್ದಾಗುತ್ತದೆ.

ಓದಿ ಮುಗಿಸುತ್ತಲೇ ಪಾತ್ರೆಯಂಗಡಿಯವಳು, ಯಾರ್ರೀ ಆ ಬಳಕೆದಾರರು, ಕೊರತೆ ಇಲ್ಲ ಅಂದ ಪುಣ್ಯಾತ್ಮರು ಯಾರು ಎಂದು ಕೇಳಿದಳು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೇಲರಕ್ಕ ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಗುಂಡಿ ಹೊಲಿಯುವಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಅವಳು ಮಿಷನ್ ನಿಲ್ಲಿಸಿ ಎದ್ದು ನಿಂತಳು.

"ನಾನೇ ಹೇಳಿದ್ದು," ಎಂದಳು. "ಅವರು ಕೇಳಿದ್ರು. ಬರ್ಕೋತೀನಿ ಅಂತಾನೂ ಅಂದ್ರು. ನಾನು ಏನೂ ಇಲ್ಲ ಅಂದೆ."

ಬಯ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಯಾರೂ ಬಯ್ಯಲಿಲ್ಲ. ಮಾತಿಗೆ ಮಾತು ಸೇರಿಸುವ ಮೈದುನ ಕೂಡ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ತನ್ನ ಶೆಡ್ಡಿಗೆ ಹೋದ. ಅಂದಿನಿಂದ ಆ ಸಾಲಿನಲ್ಲಿ ಎಲ್ಲರೂ ಅವಳನ್ನು ಏನಾದರೂ ಕೇಳುವುದನ್ನೇ ಬಿಟ್ಟರು.

ಮರುದಿನ ಅವಳು ಇಂಜಿನಿಯರ ಬಳಿ ಹೋಗಿ, ತಾನು ಹೇಳಿದ್ದು ಸುಳ್ಳೆಂದು ಬರೆದುಕೊಡುತ್ತೇನೆ ಎಂದಳು. ಅವರು ತಲೆ ಎತ್ತಲಿಲ್ಲ. ಬರೆದುಕೊಟ್ಟರೆ ಸುಳ್ಳು ಅವಳೊಬ್ಬಳದೇ ಆಗುವುದಿಲ್ಲ, ಅವತ್ತು ಅಂಗಡಿ ತೆರೆದು ಕೂತ ನಲವತ್ತು ಜನರದ್ದೂ ಆಗುತ್ತದೆ, ಎಲ್ಲರ ಹಂಚಿಕೆಯೂ ಹೋಗುತ್ತದೆ ಎಂದರು. ಹಾಗೆ ಹೇಳಿಕೊಟ್ಟವರು ನೀವಲ್ಲವೇ ಎಂದು ಅವಳು ಕೇಳಿದಳು. ಅದಕ್ಕೆ ಅವರು, ತಮಗೆ ಬೇರೆ ಊರಿಗೆ ವರ್ಗವಾಗಿದೆ ಎಂದರು. ಅವಳು ಬರಿಗೈಯಲ್ಲಿ ಮನೆಗೆ ಬಂದಳು.

ಶೆಡ್ಡು ಕಿತ್ತರು. ಕೆಳಗಡೆಯವರು ಹೇಗೋ ನೀರು ಹೊತ್ತುಕೊಂಡು ಹೊಂದಿಕೊಂಡರು. ಮೇಲಿನವರಲ್ಲಿ ಅರ್ಧ ಜನ ವ್ಯಾಪಾರಕ್ಕೇ ಕೈಮುಗಿದರು. ಟೇಲರಕ್ಕ ಮಾವನಿಗೆ ತನ್ನ ಅಂಗಡಿಯಲ್ಲೇ ಕೂತುಕೊಳ್ಳಿ ಎಂದು ಅಂಗಲಾಚಿದಳು. ಎರಡು ಮಿಷನ್ನು, ಒಂದು ಮೇಜು ಇಟ್ಟರೆ ಗಿರಾಕಿ ಅಡ್ಡಡ್ಡ ನಿಲ್ಲಬೇಕಾದ ಜಾಗ ಅದು. ನಿನ್ನ ಹೊಟ್ಟೆಪಾಡಿನ ಮೇಲೆ ನಾನು ಕಾಲು ಚಾಚಿ ಕೂರಲೇನಮ್ಮ ಎಂದು ಅವರು ಒಪ್ಪಲಿಲ್ಲ. ಬಾಗಿಲು ತೆರೆಯದಿದ್ದರೆ ನಂಬರೂ ಹೋಗುತ್ತದಲ್ಲ ಎಂದರು.

ದಿನಾ ಬೆಳಿಗ್ಗೆ ಗೋಡೆಗೆ ಅಂಗೈ ಊರಿ, ಒಂದೊಂದೇ ಮೆಟ್ಟಿಲು ಕೂತು ಎದ್ದು ಹತ್ತುತ್ತಿದ್ದರು. ಅವಳು ಹಿಂದೆ ನಿಂತು, ಕೊನೆಯ ಮೆಟ್ಟಿಲು ಮುಗಿಯುವವರೆಗೂ ಕದಲುತ್ತಿರಲಿಲ್ಲ. ಆಮೇಲೆ ಸೂರಿನ ಮೇಲೆ ಸ್ಟೂಲು ಎಳೆದ ಸದ್ದು. ಮತ್ತೆ ಸಂಜೆ ಆರಕ್ಕೆ ಸ್ಟೂಲು ಎಳೆದ ಸದ್ದು. ನಡುವೆ ಏನೂ ಕೇಳುತ್ತಿರಲಿಲ್ಲ.

ಮೊದಮೊದಲು ಗಿರಾಕಿಗಳು ಬಂದು ಕೊಡೆ ತಾತ ಎಲ್ಲಿ ಎಂದು ಅವಳನ್ನು ಕೇಳುತ್ತಿದ್ದರು. ಅವಳು ಮೇಲೆ ತೋರಿಸಿದರೆ, ಕಂಬಿಯಿಲ್ಲದ ಮೆಟ್ಟಿಲು ನೋಡಿ, ಇನ್ನೊಂದು ದಿನ ಬರ್ತೀವಿ ಎಂದು ಹೋಗುತ್ತಿದ್ದರು. ಕೊಡಿ, ನಾನೇ ಕೊಟ್ಟು ಬರ್ತೀನಿ ಎಂದು ಇಸಿದುಕೊಳ್ಳಲು ಶುರು ಮಾಡಿದಳು. ಒಂದು ತಿಂಗಳಲ್ಲಿ ಅದೂ ನಿಂತುಹೋಯಿತು. ಮೂಲೆ ಅಂಗಡಿಯಲ್ಲಿ ಹೊಸ ಕೊಡೆ ಅಗ್ಗಕ್ಕೆ ಸಿಗುತ್ತಿತ್ತು. ಮಾವ ಸಂಜೆ ಮನೆಗೆ ಬಂದು, ಇವತ್ತು ಸ್ವಲ್ಪ ಡಲ್ಲು ಎನ್ನುತ್ತಿದ್ದರು.

ಹಾಗೆ ಸತತ ಒಂಬತ್ತು ದಿನ ಡಲ್ಲು ಆದ ಮೇಲೆ, ಹತ್ತನೇ ದಿನ ಟೇಲರಕ್ಕ ಮನೆಯಿಂದ ಗಂಡನ ಕಪ್ಪು ಕೊಡೆಯನ್ನು ಚೀಲದಲ್ಲಿ ಬಚ್ಚಿಟ್ಟು ತಂದಳು. ಅಂಗಡಿಯ ಮೂಲೆಯಲ್ಲಿ ಗೋಡೆಗೆ ತಿರುಗಿ ನಿಂತು ಎರಡು ಕಡ್ಡಿ ಮುರಿದಳು, ಬಟ್ಟೆಯ ಅಂಚು ಬಿಚ್ಚಿದಳು. ಆಮೇಲೆ ಮೆಟ್ಟಿಲು ಹತ್ತಿ ಹೋಗಿ ಮಾವನ ಮುಂದೆ ಇಟ್ಟಳು.

"ಯಾರೋ ಕೊಟ್ಟು ಹೋದ್ರು ಮಾವ. ಬ್ಯಾಂಕಿನವರಂತೆ. ಗಾಳಿಗೆ ಮುರಿದೋಯ್ತಂತೆ."

ಮಾವ ಕೊಡೆ ಬಿಚ್ಚಿ ಬೆಳಕಿಗೆ ಹಿಡಿದರು. ಗಾಳಿಗೆ ಮುರಿಯುವ ಕಡ್ಡಿ ಹೊರಕ್ಕೆ ಬಗ್ಗುತ್ತದೆ; ಇವು ಒಳಕ್ಕೆ ಬಗ್ಗಿದ್ದವು. ಹಿಡಿಯ ಬುಡದಲ್ಲಿ ಕೆಂಪು ದಾರದ ಸುತ್ತು. ಮಗ ಬಸ್ಸಿನ ಕೆಲಸಕ್ಕೆ ಸೇರಿದ ವರ್ಷ, ಕೈ ಜಾರದಿರಲಿ ಎಂದು ಅವರೇ ಸುತ್ತಿಕೊಟ್ಟದ್ದು. ಅದರ ಮೇಲೆ ಹೆಬ್ಬೆರಳು ಆಡಿಸಿದರು. ಟೇಲರಕ್ಕನಿಗೆ ಆ ದಾರದ ನೆನಪೇ ಆಗಿರಲಿಲ್ಲ. ಅವಳು ನೆಲ ನೋಡುತ್ತ ನಿಂತಳು.

ಮಾವ ಡಬ್ಬಿಯಿಂದ ಒಂದು ಚೀಟಿ ತೆಗೆದು, ಪೆನ್ಸಿಲನ್ನು ನಾಲಿಗೆಗೆ ಮುಟ್ಟಿಸಿ, ಹೆಸರು ಏನಂತೆ ಎಂದು ಕೇಳಿದರು. ಕೇಳಲಿಲ್ಲ ಎಂದಳು. ಇರಲಿ ಎಂದು ಅವರು ಬ್ಯಾಂಕು ಎಂದಷ್ಟೇ ಬರೆದು, ಚೀಟಿಯನ್ನು ಕೊಡೆಗೆ ಕಟ್ಟಿ, ಬರಿದಾದ ಮೊಳೆಗೆ ನೇತುಹಾಕಿದರು.

"ಗುರುವಾರ ಬರೋಕೆ ಹೇಳಮ್ಮ," ಎಂದರು. "ಕೆಲಸ ಜಾಸ್ತಿ ಇದೆ, ಅದಕ್ಕೆ ಮುಂಚೆ ಆಗಲ್ಲ."