ಗಡಿಯೂರಿನ ಅಧಿಕಾರಿಯ ಮನವಿ

ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟದಲ್ಲಿ ಲಂಚಕ್ಕೆ ನಿಯಮ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ನಾನು ಬರೆದದ್ದು ಸರಳ. ರಾಜಧಾನಿಯಿಂದ ಊರು ದೂರವಾದಷ್ಟೂ ಅಲ್ಲಿನ ಅಧಿಕಾರಿ ಹೆಚ್ಚು ಲಂಚ ತಿನ್ನುತ್ತಾನೆ. 'ವಜಾ' ಗುಂಡಿ ಒತ್ತಿದರೆ ಹೊಸಬ ಬರುತ್ತಾನೆ, ಸ್ವಲ್ಪ ಕಾಲ ಲಂಚ ನಿಲ್ಲುತ್ತದೆ. ಆಫೀಸಿನ ಹುಡುಗರೆಲ್ಲ ಟಕಟಕ ಒತ್ತಿ ಗೆದ್ದು ಮೀಸೆ ತಿರುವಿದರು. ಆಟವೇ ಗೊತ್ತಿಲ್ಲದವರ ಕೈಲೂ ಒಮ್ಮೆ ಆಡಿಸಿ ನೋಡು ಎಂದರು ಕಂಪನಿಯ ಯಜಮಾನರು. ನಮ್ಮ ಮನೆಯಲ್ಲಿ ಅಂಥವಳು ಅಮ್ಮ ಒಬ್ಬಳೇ.

ಲಂಚದ ಆಟಕ್ಕೆ ಅವಳನ್ನು ಕೂರಿಸಲು ನಾನು ಹಿಂಜರಿದೆ. ನಾನು ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ ಅಮ್ಮ ಗಡಿಯ ಚೆಕ್‌ಪೋಸ್ಟಿನಲ್ಲಿ ಗುಮಾಸ್ತೆಯಾಗಿದ್ದಳು. ಲಾರಿಯವರಿಂದ ಲಂಚ ತೆಗೆದುಕೊಂಡು ಕೆಲಸ ಕಳೆದುಕೊಂಡಳು. ಆ ವಿಷಯ ನಮ್ಮಿಬ್ಬರ ನಡುವೆ ಯಾವತ್ತೂ ಬಂದಿಲ್ಲ.

ಅಮ್ಮ ಯಾರನ್ನೂ ವಜಾ ಮಾಡಲಿಲ್ಲ. ಪರದೆಯ ಮೂಲೆಯಲ್ಲಿ ಅಧಿಕಾರಿಗಳ ಮನವಿಗಳು ಬಂದು ಬೀಳುತ್ತವೆ: ಸಂಬಳ ಬಂದಿಲ್ಲ, ಕಾವಲಿಗೆ ಜನ ಸಾಲದು. ಆಟಕ್ಕೆ ಕಳೆಯಿರಲಿ ಎಂದು ನಾನೇ ಹಾಕಿದ್ದವು. 'ಕಳಿಸು' ಎಂದರೆ ಬೊಕ್ಕಸ ಕರಗುತ್ತದೆ, ಅಷ್ಟೇ. ಹುಡುಗರು ಅವನ್ನು ಮೂಸಿಯೂ ನೋಡಿರಲಿಲ್ಲ. ಅಮ್ಮ ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ಓದಿ, ಕೇಳಿದ್ದನ್ನೆಲ್ಲ ಕಳಿಸುತ್ತ ಹೋದಳು. ಲಂಚ ಕೂದಲೆಳೆಯಷ್ಟೂ ಇಳಿಯಲಿಲ್ಲ, ಸಾಮ್ರಾಜ್ಯ ಮುಳುಗಿತು. ಅಷ್ಟು ಹೇಳಿಕೊಟ್ಟರೂ ವಜಾ ಗುಂಡಿ ಮುಟ್ಟಲಿಲ್ಲವಲ್ಲ ಎಂದು ನಾನು ರೇಗಿದೆ.

"ಸಂಬಳ ಕಳಿಸಿದ್ಮೇಲೂ ಇವ್ರೆಲ್ಲ ಯಾಕೆ ತಿಂತಾರೆ?" ಎಂದಳು.

ಮನವಿಗೂ ಲಂಚಕ್ಕೂ ನಾನು ಸಂಬಂಧವನ್ನೇ ಇಟ್ಟಿರಲಿಲ್ಲ.

ಮರುದಿನದಿಂದ ಕೂತು ನಿಯಮ ಬದಲಿಸಿದೆ. ಯಾರೂ ಓದದ ಮನವಿ ರಾಶಿಬಿದ್ದಂತೆ ಲಂಚ ಏರುತ್ತದೆ, ಕೇಳಿದ್ದು ಸಿಕ್ಕರೆ ಇಳಿಯುತ್ತದೆ. ಆದರೂ ಕೆಲವರು ತಿನ್ನುವುದನ್ನು ಬಿಡುವುದಿಲ್ಲ. ಯಜಮಾನರು ಗೊಣಗುತ್ತಲೇ ಒಪ್ಪಿದರು.

ಅಮ್ಮ ಮತ್ತೆ ಆಡಿದಳು. ದೂರದ ಊರುಗಳು ಒಂದೊಂದಾಗಿ ಚೇತರಿಸಿಕೊಂಡವು. ಗಡಿಯೂರಿನ ಒಬ್ಬ ಮಾತ್ರ ಸಂಬಳ ಸಿಕ್ಕಿದರೂ ಕೈ ಚಾಚುತ್ತಲೇ ಇದ್ದ. ಅಮ್ಮ ಹಿಂದೆಮುಂದೆ ನೋಡದೆ ಅವನನ್ನು ವಜಾ ಮಾಡಿದಳು. ನಾನು ಬೆಚ್ಚಿ ಅವಳ ಮುಖ ನೋಡಿದೆ.

"ಕೇಳಿದ್ದೆಲ್ಲ ಕೊಟ್ಟಾಯ್ತಲ್ಲ. ಇನ್ನು ತಪ್ಪು ಇವನದೇ," ಎಂದಳು. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ನಾನೂ ತಿಂದಿದ್ದು ನಿಜ ಕಣೇ. ಕೆಲಸದಿಂದ ತೆಗೆದಿದ್ದೂ ಸರಿನೇ. ಆದ್ರೆ ಯಾಕೆ ಅಂತ ಒಂದ್ಸಲ ಕೇಳಿ ತೆಗೀಬಹುದಿತ್ತು."

ಕೇಳದವರಲ್ಲಿ ನಾನೂ ಒಬ್ಬಳು. ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತೆ.

"ಆಗ ಅಲ್ಲಿ ಸಂಬಳ ಬರ್ತಿರ್ಲಿಲ್ವಾ, ಅಮ್ಮ?"

ಅಮ್ಮ ಆಟ ನಿಲ್ಲಿಸಿ, ಕನ್ನಡಕ ತೆಗೆದಿಟ್ಟು, ಹೇಳತೊಡಗಿದಳು.